ದಂಡ ಯಾರ ಕೈಯಲ್ಲಿ?

(ಅಂತಿಮ ಬಿ.ಎ., ರಾಜ್ಯಶಾಸ್ತ್ರ)

ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು 1909ರಲ್ಲಿ ಅಚ್ಚು ಮಾಡಿಸಿ ಲೋಕದ ಕೈಗಿತ್ತವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು. ನಮ್ಮ ನಾಡಿನಿಂದಲೇ ಬೆಳಕಿಗೆ ಬಂದ ಆ ಗ್ರಂಥದಲ್ಲಿ ದಂಡವನ್ನು ಕುರಿತು ಒಂದು ವಿಚಾರವಿದೆ. ದಂಡವನ್ನು ಅತಿಯಾಗಿ ಪ್ರಯೋಗಿಸುವ ಅರಸನನ್ನು ಕಂಡರೆ ಪ್ರಜೆಗಳು ಬೆದರುತ್ತಾರೆ. ತೀರ ಸಡಿಲವಾಗಿ ಪ್ರಯೋಗಿಸುವವನನ್ನು ತಿರಸ್ಕರಿಸುತ್ತಾರೆ. ತಕ್ಕಷ್ಟು ಪ್ರಯೋಗಿಸುವವನನ್ನು ಗೌರವಿಸುತ್ತಾರೆ ಎಂಬುದು ಅದರ ತಾತ್ಪರ್ಯ. ಅರಸೊತ್ತಿಗೆಯ ಕಾಲದಲ್ಲಿ ದಂಡ ಎಷ್ಟಿರಬೇಕೆಂಬುದೇ ಪ್ರಶ್ನೆಯಾಗಿತ್ತು. ಅದನ್ನು ಹಿಡಿದ ಕೈ ಯಾವುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಹಾಗಲ್ಲ. ಇಂದು ಆಳುವವನು ನಾಳೆ ಸೋಲುತ್ತಾನೆ. ಇಂದು ಸೋತವನು ನಾಳೆ ಆಳುತ್ತಾನೆ. ಹೀಗಿರುವಲ್ಲಿ ರಾಜಕೀಯದ ಎದುರಾಳಿ ತಪ್ಪು ಮಾಡಿದನೆಂಬ ಮಾತು ಬಂದಾಗ ಅವನನ್ನು ದಂಡಿಸುವ ಕೋಲು ಯಾರ ಕೈಯಲ್ಲಿರಬೇಕು? ಈ ಲೇಖನದ ವಿಷಯ ಅಷ್ಟೇ.

ಸಿಂಹಾಸನಕ್ಕಾಗಿ ಅಣ್ಣನು ತಮ್ಮನ ಕಣ್ಣು ಕೀಳಿಸಿದ ಕಥೆಗಳು ಚರಿತ್ರೆಯ ಪುಸ್ತಕಗಳಲ್ಲಿ ಹೇರಳವಾಗಿವೆ. ಸೋತವನು ಬದುಕಿ ಉಳಿದರೆ ಗೆದ್ದವನಿಗೆ ನಿದ್ದೆಯಿಲ್ಲ ಎಂಬ ಕಾಲ ಅದು. ಮತಪೆಟ್ಟಿಗೆಯು ಮನುಷ್ಯಕುಲಕ್ಕೆ ಮಾಡಿದ ಮಹೋಪಕಾರವೆಂದರೆ, ಸೋತವನು ಕ್ಷೇಮವಾಗಿ ಮನೆಗೆ ಹೋಗಬಹುದು ಮತ್ತು ಐದು ವರ್ಷಗಳ ತರುವಾಯ ಮರಳಿ ಬಂದು ಜನರ ಮುಂದೆ ನಿಲ್ಲಬಹುದು ಎಂಬ ಭರವಸೆ. ಗೆದ್ದವನು ಸುಖವಾಗಿ ಆಳುವುದು ಪ್ರಜಾಪ್ರಭುತ್ವದ ಲಕ್ಷಣವಲ್ಲ. ಅದು ಎಲ್ಲ ಪ್ರಭುತ್ವಗಳಲ್ಲಿಯೂ ಇದೆ. ಸೋತವನು ನಿರ್ಭಯನಾಗಿರುವುದೇ ಅದರ ನಿಜವಾದ ಲಕ್ಷಣ.

ಆದರೆ ಈ ಮಾತಿಗೆ ಇನ್ನೊಂದು ಮಗ್ಗುಲುಂಟು. ವಿರೋಧ ಪಕ್ಷದ ಮುಖಂಡನೊಬ್ಬನನ್ನು ಹಿಡಿದೊಯ್ದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಕಾಲೇಜಿನ ಜಗಲಿಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. “ಕಳ್ಳನನ್ನು ಹಿಡಿದರೆ ತಪ್ಪೇನು? ಕಾನೂನಿನ ಮುಂದೆ ಎಲ್ಲರೂ ಸಮಾನರಲ್ಲವೆ?” ಎನ್ನುತ್ತಾನೆ ಒಬ್ಬ. “ಎಲ್ಲವೂ ಸೇಡು, ನಾಳೆ ಇವರು ಸೋಲಲಿ, ಅವರೂ ಇದನ್ನೇ ಮಾಡುತ್ತಾರೆ” ಎನ್ನುತ್ತಾನೆ ಮತ್ತೊಬ್ಬ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಮಂತ್ರಿಯಾಗಿದ್ದವನು ಬೊಕ್ಕಸವನ್ನು ದೋಚಿದರೆ ಅವನನ್ನು ನ್ಯಾಯಸ್ಥಾನದ ಮುಂದೆ ನಿಲ್ಲಿಸಲೇಬೇಕು. ಆದರೆ ಅವನನ್ನು ಹಿಡಿಯುವವನು, ಬಿಡುವವನು, ವಾದ ಹೂಡುವವನು, ವಾದವನ್ನು ಹಿಂತೆಗೆಯುವವನು ಎಲ್ಲರೂ ಅವನ ಎದುರಾಳಿಯ ಅಧೀನದಲ್ಲಿದ್ದರೆ ಅದು ನ್ಯಾಯವೆಂದು ಜನ ನಂಬುವುದು ಹೇಗೆ?

ಎದುರಾಳಿಯ ಮೇಲೆ ಮೊಕದ್ದಮೆ ಹೂಡುವ ಹಗ್ಗ ಆಳುವ ಪಕ್ಷದ ಕೈಯಲ್ಲಿದ್ದರೆ ನಿರಪರಾಧಿಗೆ ಕೇಡಾಗುತ್ತದೆ, ನಿಜ. ಆದರೆ ಅದಕ್ಕಿಂತಲೂ ದೊಡ್ಡ ಕೇಡೆಂದರೆ ಅಪರಾಧಿಗೆ ಆಶ್ರಯ ಸಿಗುತ್ತದೆ. “ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ” ಎಂಬ ಒಂದು ಮಾತಿನ ಮರೆಯಲ್ಲಿ ಅವನು ಅಡಗಿಕೊಳ್ಳುತ್ತಾನೆ. ಆಗ ಅವನ ತಪ್ಪಿನ ವಿಚಾರಣೆ ಎಂದಿಗೂ ಪೂರ್ಣವಾಗುವುದಿಲ್ಲ. ಇದಕ್ಕೆ ಸಾಕ್ಷಿಯನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಕರ್ನಾಟಕವೇ, ಅದರಲ್ಲಿಯೂ ನಾವು ವಾಸವಾಗಿರುವ ಬೆಂಗಳೂರು ದಕ್ಷಿಣ ಕ್ಷೇತ್ರವೇ ಈ ಕಥೆಯ ನಡುವಿನಲ್ಲಿದೆ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಮರುದಿನವೇ, ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ದಸ್ತಗಿರಿ ಮಾಡಿ ಇಲ್ಲಿಯ ಸೆಂಟ್ರಲ್ ಜೈಲಿಗೆ ಸೇರಿಸಲಾಯಿತು. ಇಂದು ಶೇಷಾದ್ರಿ ರಸ್ತೆಯಲ್ಲಿ ಪ್ರತಿಭಟನೆಗಾರರು ಪೆಂಡಾಲು ಹಾಕಿ ಕೂರುವ ಫ್ರೀಡಂ ಪಾರ್ಕೇ ಅಂದಿನ ಆ ಸೆರೆಮನೆ. ದೆಹಲಿಯಲ್ಲಿ ಜಯಪ್ರಕಾಶ ನಾರಾಯಣರ ಬಂಧನವಾಯಿತು. ಬನಶಂಕರಿಯ ಕಡೆಗೆ ಹೋಗುವ ನಾವು ಮೆಟ್ರೋ ನಿಲ್ದಾಣದ ಹಲಗೆಯ ಮೇಲೆ ದಿನವೂ ಓದುವ ಹೆಸರು ಅವರದೇ, ಜೆ.ಪಿ. ನಗರದ ‘ಜೆ.ಪಿ.’ ಅವರೇ. ಇವರೆಲ್ಲರ ಮೇಲೆ ಪ್ರಯೋಗವಾದದ್ದು ‘ಮೀಸಾ’ ಎಂಬ ಕಾಯಿದೆ. ಅದರಲ್ಲಿ ಆಪಾದನೆಯನ್ನು ರುಜುವಾತು ಮಾಡುವ ತೊಂದರೆಯೇ ಇರಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೂ ಸಹ, ಎಚ್.ಆರ್. ಖನ್ನಾ ಒಬ್ಬರ ಭಿನ್ನಮತದ ಹೊರತು, ಬಂಧಿತರು ನ್ಯಾಯಸ್ಥಾನದ ಬಾಗಿಲು ತಟ್ಟುವಂತಿಲ್ಲವೆಂದು ತೀರ್ಪಿತ್ತಿತು.

ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ವಿಷಯದಲ್ಲಿ ಮಾತ್ರ ಸರ್ಕಾರ ಮೀಸಾದಿಂದ ತೃಪ್ತಿಪಡಲಿಲ್ಲ. 1976ರ ಜೂನ್‌ನಲ್ಲಿ ಅವರನ್ನು ಹಿಡಿದು, ಡೈನಮೈಟು ಕೂಡಿಟ್ಟು ಸರ್ಕಾರವನ್ನು ಉರುಳಿಸಲು ಸಂಚು ಮಾಡಿದರೆಂದು ಬರೋಡಾ ಡೈನಮೈಟ್ ಮೊಕದ್ದಮೆಯನ್ನು ಹೂಡಿತು. ಅದೇ ಪ್ರಕರಣದ ಶಂಕೆಯ ಮೇಲೆ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅವರಿಗೆ ಉಬ್ಬಸದ ಬೇನೆಯಿತ್ತು. 1977ರ ಜನವರಿಯಲ್ಲಿ, ಸ್ಥಿತಿ ಕೈಮೀರಿದ ಮೇಲೆ ಪೆರೋಲಿನಲ್ಲಿ ಹೊರಬಿಟ್ಟರು; ಅದೇ ತಿಂಗಳ 20ರಂದು ಅವರು ತೀರಿಕೊಂಡರು. ಅವರ ಮೇಲೆ ವಿಚಾರಣೆಯೇ ನಡೆಯಲಿಲ್ಲ. ತೀರ್ಪಿಗೆ ಮೊದಲೇ ಶಿಕ್ಷೆ ಮುಗಿದುಹೋಗಿತ್ತು. ಫರ್ನಾಂಡಿಸರಾದರೋ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರಪುರದಿಂದ ಚುನಾವಣೆಗೆ ನಿಂತು 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. 1977ರ ಮಾರ್ಚಿನಲ್ಲಿ ಜನತಾ ಸರ್ಕಾರ ಬಂದದ್ದೇ ತಡ, ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು. ಅಂದಿನ ಆರೋಪಿ ಮಂತ್ರಿಯಾದರು.

ಜನರು ಹೀಗೆ ಮಾಡುವುದು ಹೊಸದೇನಲ್ಲ. 1798ರಲ್ಲಿ ಅಮೆರಿಕದ ಆಡಳಿತ ಪಕ್ಷವು ರಾಜದ್ರೋಹದ ಕಾಯಿದೆಯೊಂದನ್ನು ಮಾಡಿ ತನ್ನನ್ನು ಟೀಕಿಸಿದ ಪತ್ರಿಕಾಕರ್ತರ ಮೇಲೂ, ಮ್ಯಾಥ್ಯೂ ಲಯನ್ ಎಂಬ ಕಾಂಗ್ರೆಸ್ ಸಭೆಯ ಸದಸ್ಯನ ಮೇಲೂ ಪ್ರಯೋಗಿಸಿತು. ಲಯನ್ ಸೆರೆಯಲ್ಲಿದ್ದಾಗಲೇ ವರ್ಮಾಂಟಿನ ಮತದಾರರು ಅವನನ್ನು ಮತ್ತೆ ಆರಿಸಿ ಕಳಿಸಿದರು. 1800ರ ಚುನಾವಣೆಯಲ್ಲಿ ಗೆದ್ದ ಜೆಫರ್ಸನ್ ಶಿಕ್ಷಿತರೆಲ್ಲರಿಗೂ ಕ್ಷಮಾದಾನವಿತ್ತನು. ಆಳುವವರ ಮೊಕದ್ದಮೆಯನ್ನು ಜನ ನಂಬದಿದ್ದಾಗ ಮತಪೆಟ್ಟಿಗೆಯನ್ನೇ ನ್ಯಾಯಸ್ಥಾನ ಮಾಡಿಕೊಳ್ಳುತ್ತಾರೆ. ಆದರೆ ಮತಪೆಟ್ಟಿಗೆಯು ಸಾಕ್ಷ್ಯವನ್ನು ತೂಗುವುದಿಲ್ಲ. ಅನುಕಂಪವನ್ನೂ ಕೋಪವನ್ನೂ ತೂಗುತ್ತದೆ. ಅಲ್ಲಿ ಗೆದ್ದವನು ನಿರಪರಾಧಿಯೆಂದಾಗಲಿ ಸೋತವನು ಅಪರಾಧಿಯೆಂದಾಗಲಿ ಹೇಳುವಂತಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಂತೆ 1977ರಲ್ಲಿ ಕಾಲ ತಿರುಗಿತು. ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೆ ಬಂದವು. ಜನತಾ ಪಕ್ಷ ಗೆದ್ದ ಎರಡೇ ಸ್ಥಾನಗಳಲ್ಲಿ ಒಂದು ನಮ್ಮ ಬೆಂಗಳೂರು ದಕ್ಷಿಣ. ಇಲ್ಲಿಂದ ಆರಿಸಿಹೋದವರು ಕೌಡೂರು ಸದಾನಂದ ಹೆಗ್ಡೆಯವರು. ಅವರು ದಕ್ಷಿಣ ಕನ್ನಡದಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದವರು. ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದವರು. 1973ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಜೆ.ಎಂ. ಶೆಲಟ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಮೂವರೂ ರಾಜೀನಾಮೆಯಿತ್ತು ಹೊರಬಂದರು. ಅಂತಹ ಹೆಗ್ಡೆಯವರು 1977ರ ಜುಲೈಯಲ್ಲಿ ಲೋಕಸಭೆಯ ಸಭಾಧ್ಯಕ್ಷರಾದರು. ಅಂದಿನ ಗೆಲುವಿನ ಸಂಭ್ರಮದಲ್ಲಿ ಜಯಪ್ರಕಾಶರು ಸೋತ ಇಂದಿರಾ ಗಾಂಧಿಯವರ ಮನೆಗೆ ತಾವಾಗಿ ಹೋಗಿ ಅವರನ್ನು ಕಂಡುಬಂದರು. ಗೆದ್ದವನು ಸೋತವನಿಗೆ ತೋರಬೇಕಾದ ನಡತೆ ಅದು. ಆದರೆ ಸರ್ಕಾರ ಹಿಡಿದ ದಾರಿ ಬೇರೆಯಾಯಿತು.

ಮೊದಲ ಪೆಟ್ಟು ಬಿದ್ದದ್ದು ಕರ್ನಾಟಕದ ಮೇಲೆಯೇ. ಇಲ್ಲಿ ಇನ್ನೂ ಕಾಂಗ್ರೆಸ್ ಮುಖ್ಯಮಂತ್ರಿಯಾಗಿ ಉಳಿದಿದ್ದ ಡಿ. ದೇವರಾಜ ಅರಸರ ಮೇಲಿನ ಆಪಾದನೆಗಳನ್ನು ವಿಚಾರಿಸಲು 1977ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ ಅಧ್ಯಕ್ಷರು, ಇಂದಿರಾ ಸರ್ಕಾರದಿಂದ ಅನ್ಯಾಯವುಂಡ ಅದೇ ಎ.ಎನ್. ಗ್ರೋವರರು. ರಾಜ್ಯವು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಆಯೋಗ ನೇಮಿಸುವ ಅಧಿಕಾರ ಕೇಂದ್ರಕ್ಕುಂಟೆಂದು ನವೆಂಬರಿನಲ್ಲಿ ತೀರ್ಪು ಬಂದಿತು. ಗ್ರೋವರರ ಪ್ರಾಮಾಣಿಕತೆಯನ್ನು ಶಂಕಿಸುವ ಕಾರಣ ನನಗಿಲ್ಲ. ಆದರೆ ನ್ಯಾಯ ನಡೆದರೆ ಸಾಲದು, ನಡೆದಂತೆ ಕಾಣಲೂ ಬೇಕು. ವರ್ಷದ ಕೊನೆಯಲ್ಲಿ ರಾಜ್ಯಕ್ಕೆ ರಾಷ್ಟ್ರಪತಿಗಳ ಆಡಳಿತ ಬಂದಿತು. 1978ರ ಫೆಬ್ರವರಿಯ ಚುನಾವಣೆಯಲ್ಲಿ ಅರಸರ ಪಕ್ಷ 224ರಲ್ಲಿ 149 ಸ್ಥಾನಗಳನ್ನು ಗೆದ್ದಿತು. ಆಯೋಗದ ಮುಂದಿದ್ದ ಆಪಾದನೆಗಳು ನಿಜವೋ ಸುಳ್ಳೋ ಎಂದು ಮತದಾರರು ಕೇಳಲಿಲ್ಲ. ಆಪಾದಿಸಿದವರು ಯಾರೆಂದು ಕೇಳಿದರು.

ದೆಹಲಿಯಲ್ಲಿ 1977ರ ಅಕ್ಟೋಬರ್ 3ರಂದು ಸಿ.ಬಿ.ಐ. ಅಧಿಕಾರಿಗಳು ಇಂದಿರಾ ಗಾಂಧಿಯವರನ್ನು ದಸ್ತಗಿರಿ ಮಾಡಿದರು. ಆಗ ಗೃಹಮಂತ್ರಿ ಚರಣ್ ಸಿಂಗ್. ಚುನಾವಣೆಗೆ ಜೀಪುಗಳನ್ನು ಒದಗಿಸಿಕೊಂಡ ರೀತಿ, ವಿದೇಶೀ ತೈಲ ಸಂಸ್ಥೆಯೊಂದಕ್ಕೆ ಕೊಟ್ಟ ಗುತ್ತಿಗೆ, ಇವು ಆಪಾದನೆಯ ವಿಷಯಗಳು. ಮರುದಿನವೇ ಮ್ಯಾಜಿಸ್ಟ್ರೇಟರು, ಬಂಧನದಲ್ಲಿಡಲು ತಕ್ಕ ಆಧಾರ ಕಾಣದೆಂದು ಅವರನ್ನು ಬಿಟ್ಟುಬಿಟ್ಟರು. ಇದನ್ನು ತುಸು ಯೋಚಿಸಿ ನೋಡಬೇಕು. ತುರ್ತುಪರಿಸ್ಥಿತಿಯ ಇಪ್ಪತ್ತೊಂದು ತಿಂಗಳಲ್ಲಿ ಸಾವಿರಾರು ಮಂದಿ ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆತರು; ಪತ್ರಿಕೆಗಳ ಬಾಯಿ ಕಟ್ಟಲಾಯಿತು; ಜನರಿಗೆ ಬಲಾತ್ಕಾರದ ಶಸ್ತ್ರಚಿಕಿತ್ಸೆ ನಡೆಯಿತು. ಅಷ್ಟು ದೊಡ್ಡ ಅನ್ಯಾಯಕ್ಕೆ ಹೊಣೆಗಾರರನ್ನು ಹಿಡಿಯಲು ಹೊರಟ ಸರ್ಕಾರ ಜೀಪಿನ ಲೆಕ್ಕದಲ್ಲಿ ದಸ್ತಗಿರಿ ಮಾಡಿ, ಒಂದು ದಿನವೂ ಆ ದಸ್ತಗಿರಿಯನ್ನು ಸಮರ್ಥಿಸಿಕೊಳ್ಳಲಾರದೆ ಹೋಯಿತು. ಅವಸರದ ಸೇಡಿಗೂ ತಾಳ್ಮೆಯ ನ್ಯಾಯಕ್ಕೂ ಇರುವ ಅಂತರ ಇದೇ.

ಇಂದಿರಾ ಗಾಂಧಿಯವರು ಆಶ್ರಯ ಹುಡುಕಿ ಬಂದದ್ದು ನಮ್ಮ ಮಲೆನಾಡಿಗೆ. ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಸ್ಥಾನವನ್ನು ಬಿಟ್ಟುಕೊಟ್ಟರು. ಎದುರಿಗೆ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಮೊಕದ್ದಮೆಯಿಂದ ಮುಕ್ತರಾಗಿ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸರೂ ಪ್ರಚಾರಕ್ಕೆ ಬಂದಿದ್ದರು. 1978ರ ನವೆಂಬರಿನಲ್ಲಿ ಆಕೆ 70 ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ತಿಂಗಳೊಂದೂವರೆಯಾಗುವಷ್ಟರಲ್ಲಿ, ಡಿಸೆಂಬರ್ 19ರಂದು, ಹಿಂದೆ ಮಾರುತಿ ಸಂಸ್ಥೆಯ ಬಗೆಗಿನ ಪ್ರಶ್ನೆಗೆ ಉತ್ತರ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಕಿರುಕುಳ ಕೊಡಿಸಿದರೆಂಬ ಹಕ್ಕುಚ್ಯುತಿಯ ಆಪಾದನೆಯ ಮೇಲೆ ಲೋಕಸಭೆಯು ಅವರನ್ನು ಸದಸ್ಯತ್ವದಿಂದ ತೆಗೆದುಹಾಕಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಸೆರೆಮನೆಗೆ ಕಳಿಸಿತು. ಆ ಸಭೆಯ ಅಧ್ಯಕ್ಷಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದ ಸದಸ್ಯರು. ಚಿಕ್ಕಮಗಳೂರಿನ ಮತದಾರರು ಕಳಿಸಿದವರನ್ನು ಸೆರೆಗೆ ಕಳಿಸುವ ನಿರ್ಣಯ ಜಯನಗರ, ಬಸವನಗುಡಿಗಳ ಮತದಾರರು ಕಳಿಸಿದವರ ಅಧ್ಯಕ್ಷತೆಯಲ್ಲಿ ಆಯಿತು. ಹೆಗ್ಡೆಯವರು ಸಭೆಯ ನಿರ್ಣಯವನ್ನು ನಡೆಸಿದರೇ ಹೊರತು ಅದನ್ನು ಮಾಡಿದವರಲ್ಲ. ಆದರೆ ಆಪಾದನೆ ಹೊರಿಸಿದ ಬಹುಮತವೇ ನ್ಯಾಯಾಧೀಶನಾಗಿ ಶಿಕ್ಷೆ ವಿಧಿಸಿತಲ್ಲ, ಅದು ಸರಿಯೆ?

ಆಮೇಲಿನದನ್ನು ಬೇಗ ಹೇಳಿಬಿಡಬಹುದು. ತುರ್ತುಪರಿಸ್ಥಿತಿಯ ಅಪರಾಧಗಳಿಗಾಗಿ 1979ರ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಲಯಗಳ ಕಾಯಿದೆ ಬಂದಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮರಳಿ ಗದ್ದುಗೆಯೇರಿದರು. ಆ ಮೊಕದ್ದಮೆಗಳು ಮುಂದುವರಿಯಲಿಲ್ಲ. 1981ರ ಮೇ ತಿಂಗಳಲ್ಲಿ ಹೊಸ ಲೋಕಸಭೆಯು ಹಳೆಯ ಸಭೆಯ ಉಚ್ಚಾಟನೆಯ ನಿರ್ಣಯವನ್ನೇ ರದ್ದುಮಾಡಿತು. 1980ರಲ್ಲಿ ಸುಪ್ರೀಂ ಕೋರ್ಟಿನ ಒಂದೇ ತೀರ್ಪಿನಲ್ಲಿ ಎರಡು ಮೊಕದ್ದಮೆಗಳ ಹಿಂತೆಗೆತ ಊರ್ಜಿತವಾಯಿತು. ಒಂದು, ಜನತಾ ಸರ್ಕಾರ ಫರ್ನಾಂಡಿಸರ ಮೇಲಿನಿಂದ ತೆಗೆದದ್ದು. ಮತ್ತೊಂದು, ತುರ್ತುಪರಿಸ್ಥಿತಿಯ ಕಾಲದ ರಕ್ಷಣಾ ಮಂತ್ರಿ ಬನ್ಸಿಲಾಲರ ಮೇಲಿನಿಂದ ತೆಗೆದದ್ದು. ತಕ್ಕಡಿಯ ಎರಡು ತಟ್ಟೆಗಳೂ ಸಮನಾದವು, ಆದರೆ ತೂಗಬೇಕಾದ ವಸ್ತು ಎರಡರಲ್ಲಿಯೂ ಇರಲಿಲ್ಲ.

ಇದರಿಂದ ಕಲಿಯಬೇಕಾದ ಪಾಠವೇನು? ಇಂದಿರಾ ಗಾಂಧಿಯವರು ನಿರಪರಾಧಿಯಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅಪರಾಧಿಯಾಗಿದ್ದರು ಎಂದೂ ಹೇಳಲಾರೆ. ಹೇಳಬೇಕಾಗಿದ್ದದ್ದು ನ್ಯಾಯಸ್ಥಾನ. ಅದಕ್ಕೆ ಹೇಳುವ ಅವಕಾಶವೇ ಬರಲಿಲ್ಲ. ಷಾ ಆಯೋಗ ಸಂಪುಟಗಟ್ಟಲೆ ವರದಿ ಬರೆಯಿತು. ಅದರ ಮೇಲೆ ನಿಂತು ದೃಢವಾಗಿ ತೀರ್ಪು ಹೇಳುವ ಕೆಲಸ ಉಳಿದುಹೋಯಿತು. ಸ್ನೇಹಲತಾ ರೆಡ್ಡಿಯವರಂತಹವರಿಗೆ ನ್ಯಾಯ ದೊರೆಯಬೇಕಾಗಿದ್ದ ಏಕೈಕ ಅವಕಾಶವನ್ನು ಹಾಳುಮಾಡಿದವರು ಅವರನ್ನು ಸೆರೆಯಲ್ಲಿಟ್ಟವರು ಮಾತ್ರವಲ್ಲ, ಅವರ ಪರವಾಗಿ ಸೇಡು ತೀರಿಸಿಕೊಳ್ಳಲು ಹೊರಟವರು ಕೂಡ. ಸೇಡಿನ ವಾಸನೆ ಬಡಿದ ಮೊಕದ್ದಮೆಯು ಸರ್ಕಾರ ಬದಲಾದೊಡನೆ ಸಾಯುತ್ತದೆ. ಸತ್ತ ಮೊಕದ್ದಮೆಯಿಂದ ನಿರಪರಾಧಿಗೆ ಕಳಂಕ ತೊಳೆಯುವುದಿಲ್ಲ, ಅಪರಾಧಿಗೆ ಶಿಕ್ಷೆಯೂ ಆಗುವುದಿಲ್ಲ.

ಇದು ಮುಗಿದ ಕಥೆಯೆಂದು ಯಾರಾದರೂ ಭಾವಿಸಿದರೆ ಅವರು ಇಂದಿನ ಯಂತ್ರದ ಹಲ್ಲುಗಾಲಿಗಳನ್ನು ಒಮ್ಮೆ ನೋಡಬೇಕು. ರಾಜ್ಯದೊಳಗೆ ಸಿ.ಬಿ.ಐ. ತನಿಖೆ ನಡೆಸಬೇಕಾದರೆ, ನ್ಯಾಯಾಲಯವೇ ಆಜ್ಞಾಪಿಸಿದ ಸಂದರ್ಭ ಬಿಟ್ಟರೆ, 1946ರ ಕಾಯಿದೆಯ ಪ್ರಕಾರ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಮಂತ್ರಿಯ ಮೇಲೆ ಕ್ರಮ ಜರುಗಿಸಬೇಕಾದರೆ ಮೇಲಿನವರ ಅನುಮತಿ ಬೇಕು. ನ್ಯಾಯಸ್ಥಾನದಲ್ಲಿ ವಾದ ಮಾಡುವ ಅಭಿಯೋಜಕರ ಇಲಾಖೆ ಗೃಹ ಇಲಾಖೆಯ ಆಡಳಿತಕ್ಕೆ ಒಳಪಟ್ಟದ್ದು. ಹೂಡಿದ ಮೊಕದ್ದಮೆಯನ್ನು ಕೋರ್ಟಿನ ಸಮ್ಮತಿ ಪಡೆದು ಹಿಂತೆಗೆಯುವ ಅಧಿಕಾರವೂ ಆ ಅಭಿಯೋಜಕರಿಗೇ ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಕಲಮಿನಲ್ಲಿತ್ತು, 2024ರ ಜುಲೈಯಿಂದ ಹೊಸ ಸಂಹಿತೆಯ 360ನೆಯ ಕಲಮಿನಲ್ಲಿದೆ. ಈ ಬೀಗಗಳು ಒಂದೊಂದೂ ಸದುದ್ದೇಶದಿಂದಲೇ ಮಾಡಿದವು. ಆದರೆ ಎಲ್ಲ ಬೀಗದ ಕೈಗಳ ಗೊಂಚಲೂ ಕೊನೆಗೆ ಅಧಿಕಾರದಲ್ಲಿದ್ದವರ ಸೊಂಟದಲ್ಲಿಯೇ ತೂಗುತ್ತಿರುತ್ತದೆ.

ಡಿ.ಕೆ. ಶಿವಕುಮಾರರ ಪ್ರಕರಣ ಇದಕ್ಕೆ ಹತ್ತಿರದ ಉದಾಹರಣೆ. 2019ರ ಸೆಪ್ಟೆಂಬರ್ 3ರಂದು ಕೇಂದ್ರದ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು. ಐವತ್ತು ದಿನ ಕಳೆದ ಮೇಲೆ ಜಾಮೀನು ದೊರೆಯಿತು. 2024ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಮೊಕದ್ದಮೆಯನ್ನು ರದ್ದುಮಾಡಿತು. ಇದರ ಜೊತೆಯಲ್ಲಿಯೇ, ಅಕ್ರಮ ಆಸ್ತಿಯ ವಿಚಾರದಲ್ಲಿ ಸಿ.ಬಿ.ಐ. ತನಿಖೆಗೆ 2019ರಲ್ಲಿ ಭಾರತೀಯ ಜನತಾ ಪಕ್ಷದ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಶಿವಕುಮಾರರು ಉಪಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ ಸರ್ಕಾರ 2023ರ ನವೆಂಬರಿನಲ್ಲಿ ಅದೇ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಕಡತ ಒಂದೇ, ಆಪಾದನೆ ಒಂದೇ, ಮನುಷ್ಯನೂ ಒಬ್ಬನೇ. ಬದಲಾದದ್ದು ವಿಧಾನಸೌಧದಲ್ಲಿ ಕುಳಿತವರು. ಕೊಟ್ಟದ್ದು ಸರಿಯೋ ತೆಗೆದದ್ದು ಸರಿಯೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಎರಡನ್ನೂ ಮಾಡಿದ ಕೈ ಪಕ್ಷದ ಕೈ ಎಂಬುದಷ್ಟೇ ನನ್ನ ಆಕ್ಷೇಪ.

ಒಂದೇ ಪಕ್ಷವನ್ನು ದೂರಿದರೆ ಅನ್ಯಾಯವಾದೀತು. 2016ರಲ್ಲಿ ಕಾಂಗ್ರೆಸ್ ಸರ್ಕಾರ ಲೋಕಾಯುಕ್ತರ ಪೊಲೀಸು ಅಧಿಕಾರವನ್ನು ಕಸಿದು ಭ್ರಷ್ಟಾಚಾರ ನಿಗ್ರಹ ದಳವೆಂಬ ತನ್ನದೇ ಸಂಸ್ಥೆಯನ್ನು ಕಟ್ಟಿತು. ಆಮೇಲೆ ಬಂದ ಸರ್ಕಾರಗಳು ಅದನ್ನು ಹಾಗೆಯೇ ಇಟ್ಟುಕೊಂಡವು. ಕೊನೆಗೆ 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದುಪಡಿಸಿ ಲೋಕಾಯುಕ್ತರಿಗೆ ಅಧಿಕಾರವನ್ನು ಮರಳಿಸಬೇಕಾಯಿತು. ಮಂತ್ರಿ ಶಾಸಕರ ಮೇಲಿನವೂ ಸೇರಿದಂತೆ 61 ಮೊಕದ್ದಮೆಗಳನ್ನು ಹಿಂತೆಗೆಯಲು 2020ರ ಆಗಸ್ಟಿನಲ್ಲಿ ಒಂದು ಸರ್ಕಾರ ಆಜ್ಞೆ ಮಾಡಿತು, ಹೈಕೋರ್ಟು ತಡೆಯಿತು. 43 ಮೊಕದ್ದಮೆಗಳನ್ನು ಹಿಂತೆಗೆಯಲು 2024ರ ಅಕ್ಟೋಬರಿನಲ್ಲಿ ಎದುರು ಪಕ್ಷದ ಸರ್ಕಾರ ಆಜ್ಞೆ ಮಾಡಿತು; 2025ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನೂ ರದ್ದುಮಾಡಿತು. ಎದುರಾಳಿಗೆ ಕೋಲು, ತನ್ನವನಿಗೆ ಕೊಡೆ. ಈ ವಿದ್ಯೆಯಲ್ಲಿ ನಮ್ಮ ಪಕ್ಷಗಳಲ್ಲಿ ಭೇದವಿಲ್ಲ.

ಅದು ಹಾಗಿರಲಿ. ಇಂದಿನ ಕಾಲದಲ್ಲಿ ತೀರ್ಪಿನ ತನಕ ಕಾಯುವ ಅಗತ್ಯವೂ ಇಲ್ಲವಾಗಿದೆ. ಜಾರಿ ನಿರ್ದೇಶನಾಲಯವು ಹತ್ತು ವರ್ಷಗಳಲ್ಲಿ ಸಂಸದರು, ಶಾಸಕರು ಮತ್ತು ರಾಜಕೀಯ ಮುಖಂಡರ ಮೇಲೆ 193 ಪ್ರಕರಣಗಳನ್ನು ಹೂಡಿತೆಂದೂ, ಶಿಕ್ಷೆಯಾದದ್ದು ಎರಡರಲ್ಲೆಂದೂ ಕೇಂದ್ರ ಸರ್ಕಾರವೇ 2025ರ ಮಾರ್ಚಿನಲ್ಲಿ ರಾಜ್ಯಸಭೆಗೆ ತಿಳಿಸಿತು. ಉಳಿದವರಲ್ಲಿ ಅಪರಾಧಿಗಳು ಇರಲಾರರೆಂದಲ್ಲ. ಆದರೆ ದಾಳಿ, ದಸ್ತಗಿರಿ, ತಿಂಗಳುಗಟ್ಟಲೆ ಸೆರೆವಾಸ ಇವೇ ಶಿಕ್ಷೆಯಾಗಿಬಿಟ್ಟರೆ ವಿಚಾರಣೆಯನ್ನು ಮುಗಿಸುವ ಉತ್ಸಾಹ ಯಾರಿಗಿದ್ದೀತು? 2019ರ ಏಪ್ರಿಲ್ 13ರಂದು ನಮ್ಮ ಕೋಲಾರದ ಚುನಾವಣಾ ಸಭೆಯಲ್ಲಿ ಆಡಿದ ಮಾತಿಗಾಗಿ, ಎದುರು ಪಕ್ಷದ ಶಾಸಕರೊಬ್ಬರ ಫಿರ್ಯಾದಿನ ಮೇಲೆ, ಸೂರತ್ತಿನ ನ್ಯಾಯಾಲಯವು 2023ರ ಮಾರ್ಚ್ 23ರಂದು ರಾಹುಲ್ ಗಾಂಧಿಯವರಿಗೆ ಎರಡು ವರ್ಷದ ಶಿಕ್ಷೆ ವಿಧಿಸಿತು. ಮಾನನಷ್ಟಕ್ಕೆ ಅದೇ ಅತ್ಯಧಿಕ ಶಿಕ್ಷೆ. ಒಂದು ದಿನ ಕಡಿಮೆಯಾಗಿದ್ದರೂ ಲೋಕಸಭೆಯ ಸದಸ್ಯತ್ವ ಹೋಗುತ್ತಿರಲಿಲ್ಲ. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲವೆಂದು ಅದನ್ನು ತಡೆಹಿಡಿಯಿತು. ಮೂವತ್ತು ದಿನ ಬಂಧನದಲ್ಲಿದ್ದ ಮಂತ್ರಿ ಪದವಿ ಕಳೆದುಕೊಳ್ಳಬೇಕೆಂಬ ಸಂವಿಧಾನ ತಿದ್ದುಪಡಿಯ ಮಸೂದೆಯನ್ನು 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿಸಿದರು. ಮೇಲುನೋಟಕ್ಕೆ ಇದು ಶುಚಿತ್ವದ ನಿಯಮ. ಆದರೆ ಬಂಧಿಸುವ ಕೈ ಕೇಂದ್ರದ ಆಳುವ ಪಕ್ಷದ್ದಾಗಿದ್ದು, ಬೀಳುವ ಮಂತ್ರಿ ರಾಜ್ಯದ ವಿರೋಧ ಪಕ್ಷದವನಾಗಿದ್ದರೆ, ಮತದಾರನು ಕೊಟ್ಟ ಪದವಿಯನ್ನು ಪೊಲೀಸು ಅಧಿಕಾರಿ ಕಸಿದಂತಾಗುವುದಿಲ್ಲವೆ?

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆ ಬರುತ್ತದೆ. “ಹಾಗಾದರೆ ರಾಜಕಾರಣಿಗಳನ್ನು ಮುಟ್ಟಲೇಬಾರದೆ? ಸೇಡೆಂಬ ಕೂಗಿಗೆ ಹೆದರಿ ಕಳ್ಳರನ್ನು ಬಿಟ್ಟುಬಿಡಬೇಕೆ?” ಖಂಡಿತ ಕೂಡದು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೇಡೆಂದು ಕೂಗುವವರೆಲ್ಲರೂ ಸಾಧುಗಳಲ್ಲ. ದಾರಿ ಇದೆಯೆಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2011ರ ಜುಲೈ 27ರಂದು ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಕೊಟ್ಟರು. ಅದರಲ್ಲಿ ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ನಷ್ಟದ ಲೆಕ್ಕವಿತ್ತು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರೂ ಇತ್ತು. ನಾಲ್ಕೇ ದಿನದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಆ ವರದಿಯನ್ನು ಬರೆದದ್ದು ಅವರ ಎದುರಾಳಿ ಪಕ್ಷವಲ್ಲ, ಯಾವ ಪಕ್ಷಕ್ಕೂ ಸೇರದ ಒಬ್ಬ ನಿವೃತ್ತ ನ್ಯಾಯಾಧೀಶರು. ಆದುದರಿಂದಲೇ ಅದಕ್ಕೆ ಅಷ್ಟು ತೂಕ ಬಂದಿತು. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸಿ.ಬಿ.ಐ. ವಿಶೇಷ ನ್ಯಾಯಾಲಯ ಯಡಿಯೂರಪ್ಪನವರನ್ನು ಲಂಚದ ಆಪಾದನೆಯಿಂದ ಖುಲಾಸೆ ಮಾಡಿದ್ದೂ ನ್ಯಾಯದ ಒಂದು ಭಾಗವೇ. ಬಿಡುಗಡೆ ನ್ಯಾಯಸ್ಥಾನದಿಂದ ಬಂದಿತು, ಮಂತ್ರಿಮಂಡಲದ ಆಜ್ಞೆಯಿಂದಲ್ಲ. ಸಂತೋಷ್ ಹೆಗ್ಡೆಯವರು ನಮ್ಮ ಕ್ಷೇತ್ರದ ಅಂದಿನ ಸದಸ್ಯ ಕೆ.ಎಸ್. ಹೆಗ್ಡೆಯವರ ಮಗ. ತಂದೆ ಕುಳಿತಿದ್ದ ಪೀಠದಿಂದ ಹೊರಟ ಶಿಕ್ಷೆಯನ್ನು ಮೂರು ವರ್ಷ ತುಂಬುವ ಮೊದಲೇ ಮತ್ತೊಂದು ಬಹುಮತ ಅಳಿಸಿತು. ಮಗ ಬರೆದ ವರದಿಯನ್ನು ಯಾವ ಬಹುಮತವೂ ಅಳಿಸಲಾಗಲಿಲ್ಲ. ವ್ಯತ್ಯಾಸ ಇಬ್ಬರ ಯೋಗ್ಯತೆಯಲ್ಲಿಲ್ಲ, ಅವರು ಕುಳಿತ ಆಸನಗಳಲ್ಲಿದೆ.

1940ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಜಾಕ್ಸನ್ ತನ್ನ ದೇಶದ ಅಭಿಯೋಜಕರನ್ನು ಕೂಡಿಸಿ ಒಂದು ಎಚ್ಚರಿಕೆ ಹೇಳಿದನು. ಅಪರಾಧ ನಡೆದಮೇಲೆ ಮಾಡಿದವನನ್ನು ಹುಡುಕುವುದು ಬೇರೆ. ಮೊದಲು ಮನುಷ್ಯನನ್ನು ಆರಿಸಿಕೊಂಡು, ಆಮೇಲೆ ಅವನ ತಲೆಗೆ ಕಟ್ಟಲು ಅಪರಾಧವನ್ನು ಹುಡುಕುವುದು ಬೇರೆ ಎಂಬುದು ಅದರ ಸಾರ. ಈ ಒರೆಗಲ್ಲಿಗೆ ನಾವು ಇನ್ನೆರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳಬಹುದು. ಅದೇ ತಪ್ಪನ್ನು ಆಳುವ ಪಕ್ಷದವನು ಮಾಡಿದ್ದರೆ, ಅಥವಾ ಆಪಾದಿತನು ನಾಳೆ ಆಳುವ ಪಕ್ಷವನ್ನು ಸೇರಿದರೆ, ಮೊಕದ್ದಮೆ ಇದೇ ವೇಗದಲ್ಲಿ ನಡೆಯುವುದೆ? ಸರ್ಕಾರ ಬದಲಾದ ಮೇಲೂ ಈ ಮೊಕದ್ದಮೆ ಬದುಕಿರುವುದೆ? ಮೂರಕ್ಕೂ ತೃಪ್ತಿಕರವಾದ ಉತ್ತರವಿದ್ದರೆ ಅದು ನ್ಯಾಯ. ಇಲ್ಲವಾದರೆ ಅದು ಬೇರೆ ಬಗೆಯ ಚುನಾವಣಾ ಪ್ರಚಾರ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನೂ ಅಲ್ಲ. ಜನಪ್ರತಿನಿಧಿಗಳ ಮೇಲಿನ ಮೊಕದ್ದಮೆಯನ್ನು ಹೈಕೋರ್ಟಿನ ಅಪ್ಪಣೆಯಿಲ್ಲದೆ ಹಿಂತೆಗೆಯಕೂಡದೆಂದು ಸುಪ್ರೀಂ ಕೋರ್ಟು 2021ರ ಆಗಸ್ಟ್ 10ರಂದು ಆಜ್ಞಾಪಿಸಿದೆ. ಬಿಡುವುದಕ್ಕೆ ಇಟ್ಟ ಈ ಕಾವಲನ್ನು ಹಿಡಿಯುವುದಕ್ಕೂ ಇಡಬೇಕು. ತನಿಖೆಗೆ ಒಪ್ಪಿಗೆ, ಅನುಮತಿಗಳನ್ನು ಕೊಡುವ ಅಥವಾ ನಿರಾಕರಿಸುವ ತೀರ್ಮಾನ ಮಂತ್ರಿಮಂಡಲದ್ದಾಗಿರದೆ ಸ್ವತಂತ್ರ ಮಂಡಲಿಯೊಂದರದಾಗಿರಬೇಕು, ಅದರ ಕಾರಣಗಳು ಬರವಣಿಗೆಯಲ್ಲಿ ಪ್ರಕಟವಾಗಬೇಕು. ಅಭಿಯೋಜಕರ ಇಲಾಖೆಯನ್ನು ಗೃಹ ಇಲಾಖೆಯಿಂದ ಬಿಡಿಸಿ, ಅದರ ಮುಖ್ಯಸ್ಥರಿಗೆ ಯಾರೂ ಕದಲಿಸಲಾರದ ನಿಯತ ಅವಧಿ ಕೊಡಬೇಕು. ವಿಚಾರಣೆಗೆ ಕಾಲಮಿತಿ ಬೇಕು. ಗಣಿ ಪ್ರಕರಣದಲ್ಲಿ 2011ರ ಸೆಪ್ಟೆಂಬರಿನಲ್ಲಿ ಬಂಧಿತರಾದ ಜಿ. ಜನಾರ್ದನ ರೆಡ್ಡಿಯವರ ಮೇಲಿನ ಓಬಳಾಪುರಂ ಮೊಕದ್ದಮೆಯಲ್ಲಿ ಹೈದರಾಬಾದಿನ ನ್ಯಾಯಾಲಯದ ತೀರ್ಪು ಬಂದದ್ದು 2025ರ ಮೇ ತಿಂಗಳಲ್ಲಿ. ಆ ಹದಿಮೂರು ಚಿಲ್ಲರೆ ವರ್ಷಗಳಲ್ಲಿ ನಮ್ಮ ತಮ್ಮ ತಂಗಿಯರು ಒಂದನೆಯ ತರಗತಿಯಿಂದ ಕಾಲೇಜಿಗೆ ಬಂದರು. ಇಷ್ಟು ನಿಧಾನವಾದ ನ್ಯಾಯ ನಿರಪರಾಧಿಗೂ ಬೇಡ, ಅಪರಾಧಿಗೂ ಸಲ್ಲದು.

ಇನ್ನು ಉಳಿದದ್ದು ನಮ್ಮ ಕರ್ತವ್ಯ. ಕಾನೂನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಚಪ್ಪಾಳೆ ನಮ್ಮ ಕೈಯಲ್ಲಿದೆ. ನಮಗೆ ಆಗದ ಪಕ್ಷದ ಮುಖಂಡನನ್ನು ಪೊಲೀಸು ವ್ಯಾನಿಗೆ ಹತ್ತಿಸಿದ ದಿನ ನಾವು ಪಟಾಕಿ ಹಚ್ಚುತ್ತೇವೆ. ನಮಗೆ ಬೇಕಾದವನು ಜಾಮೀನಿನ ಮೇಲೆ ಹೊರಬಂದ ದಿನ ಹಾರ ಹಾಕಿ ಮೆರವಣಿಗೆ ತೆಗೆಯುತ್ತೇವೆ. ಎರಡೂ ದಿನ ನ್ಯಾಯ ಇನ್ನೂ ಹುಟ್ಟಿರುವುದಿಲ್ಲ. ಈ ಪಟಾಕಿಯ ಸದ್ದನ್ನು ಕೇಳಿಯೇ ಆಳುವವರು ಮುಂದಿನ ದಸ್ತಗಿರಿಯ ಲೆಕ್ಕ ಹಾಕುತ್ತಾರೆ. ಮಿತ್ರರೇ, ನಮ್ಮಲ್ಲಿ ಹಲವರು ನಾಳೆ ವಕೀಲರಾಗಬಹುದು, ಪೊಲೀಸು ಅಧಿಕಾರಿಗಳಾಗಬಹುದು, ಪತ್ರಿಕೆಗಳಲ್ಲಿ ದುಡಿಯಬಹುದು; ಯಾರಾದರೊಬ್ಬರು ಚುನಾವಣೆಗೂ ನಿಲ್ಲಬಹುದು. ಎಲ್ಲರೂ ಮತದಾರರಂತೂ ಹೌದು. ಗೆದ್ದವನ ಕೈಯಿಂದ ದಂಡವನ್ನು ಬಿಡಿಸಿ ನ್ಯಾಯದ ಕೈಗೆ ಕೊಡಿ ಎಂದು ಕೇಳಬೇಕಾದವರು ಸೋತವರಲ್ಲ. ಅವರ ಮಾತನ್ನು ಯಾರೂ ನಂಬುವುದಿಲ್ಲ. ನಾವು ಮೆಚ್ಚಿದ ಪಕ್ಷ ಗೆದ್ದು ಗದ್ದುಗೆಯಲ್ಲಿರುವಾಗ ನಾವೇ ಅದನ್ನು ಕೇಳಬೇಕು. ಆಗ ಮಾತ್ರ ಆ ಮಾತಿಗೆ ಬೆಲೆ.